ಕರಗಿದ್ದೆಲ್ಲ ಕೊಳೆಯುವುದಿಲ್ಲ

ಮಾನ್ಯ ಸಂಪಾದಕರೇ,

ಬಟ್ಟೆ ಒಗೆಯುವ ಡಿಟರ್ಜೆಂಟ್ ಶೀಟ್‌ಗಳ, ಅಂದರೆ ಪುಡಿಯ ಬದಲು ನೀರಿಗೆ ಹಾಕುವ ತೆಳ್ಳನೆ ಹಾಳೆಗಳ, ಬಗ್ಗೆ ಬರುವ ಬರಹಗಳಲ್ಲೂ ಜಾಹೀರಾತುಗಳಲ್ಲೂ ಒಂದೇ ಪಲ್ಲವಿ: ಪ್ಲಾಸ್ಟಿಕ್ ಬಾಟಲಿ ಬೇಡ, ರಟ್ಟಿನ ಪೊಟ್ಟಣ ಸಾಕು, ಹಾಳೆ ನೀರಿಗೆ ಬಿದ್ದರೆ ಪೂರ್ತಿ ಕರಗುತ್ತದೆ, ಹಾಗಾಗಿ ಪರಿಸರಕ್ಕೆ ಏನೂ ಆಗದು. ಮೊದಲ ಮೂರು ಮಾತು ನಿಜ. ನಾಲ್ಕನೆಯದು ಮೂರನೆಯದರ ಬೆನ್ನಿಗೆ ಕಟ್ಟಿದ ಗಂಟು ಮಾತ್ರ. ಉಪ್ಪೂ ನೀರಿನಲ್ಲಿ ಕರಗುತ್ತದೆ, ನೀರು ಆರಿದ ಮೇಲೆ ಪಾತ್ರೆಯ ತಳದಲ್ಲಿ ಮತ್ತೆ ಕೂತಿರುತ್ತದೆ. ಕರಗುವುದು ಎಂದರೆ ಕಣ್ಣಿಗೆ ಕಾಣದಾಗುವುದು. ಕೊಳೆಯುವುದು ಎಂದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಮುಗಿಸುವುದು. ಈ ಎರಡರ ನಡುವಿನ ಅಂತರವೇ ಹಾಳೆಯ ಪರಿಸರ ಲೆಕ್ಕದ ಅಸಲು ಪ್ರಶ್ನೆ.

ಮುಟ್ಟಿದರೆ ಕಾಗದದಂತಿದ್ದರೂ ಇದು ಕಾಗದವಲ್ಲ. ಪಾಲಿವಿನೈಲ್ ಆಲ್ಕೋಹಾಲ್, ಚಿಕ್ಕದಾಗಿ ಪಿವಿಎ, ಎಂಬ ಪಾಲಿಮರನ್ನು, ಅಂದರೆ ಸಣ್ಣ ಅಣುಗಳು ಸರಪಳಿಯಾಗಿ ಬೆಸೆದ ಪದಾರ್ಥವನ್ನು, ಬಿಸಿನೀರಿನಲ್ಲಿ ಕರಗಿಸಿ, ಅದಕ್ಕೆ ಕೊಳೆ ಬಿಡಿಸುವ ಸರ್ಫ್ಯಾಕ್ಟಂಟ್, ಒಂದಿಷ್ಟು ಪಿಷ್ಟ, ಹಾಳೆ ಸೆಟೆದು ಮುರಿಯದಿರಲು ಗ್ಲಿಸರಿನ್, ಸ್ವಲ್ಪ ಸುಗಂಧ ಬೆರೆಸುತ್ತಾರೆ. ಗಂಜಿಯ ಹದಕ್ಕೆ ಬಂದ ಮಿಶ್ರಣವನ್ನು ಬಿಸಿ ಉರುಳೆಯ ಮೇಲೆ ತೆಳ್ಳಗೆ ಬಳಿದು, ಒಣಗಿದ ಮೇಲೆ ಸುಲಿದು, ಕತ್ತರಿಸುತ್ತಾರೆ. ಡಿಟರ್ಜೆಂಟ್ ದ್ರವ ತುಂಬಿದ ಪುಟ್ಟ ಚೀಲಗಳಾದ ಪಾಡ್‌ಗಳಲ್ಲಿ ಪಿವಿಎ ಬರೀ ಹೊರಚರ್ಮ. ಹಾಳೆಯಲ್ಲಿ ಹಾಗಲ್ಲ, ಉದ್ದಗಲಕ್ಕೂ ಅದೇ ಹಾಸುಹೊಕ್ಕು. ಅದನ್ನು ತೆಗೆದರೆ ಉಳಿಯುವುದು ಹಾಳೆಯಲ್ಲ, ಅಂಟಂಟು ಮುದ್ದೆ.

ಪಿವಿಎ ಗಿಡಮರದಿಂದ ಬಂದದ್ದಲ್ಲ. 1924ರಲ್ಲಿ ಜರ್ಮನಿಯ ಹೆರ್ಮಾನ್ ಮತ್ತು ಹೇನೆಲ್ ಇದನ್ನು ಮೊದಲು ತಯಾರಿಸಿದರು. ವಿನೈಲ್ ಅಸಿಟೇಟ್ ಎಂಬ ಪೆಟ್ರೋರಾಸಾಯನಿಕವನ್ನು ಸರಪಳಿಯಾಗಿ ಜೋಡಿಸಿ, ಆ ಸರಪಳಿಗೆ ತಗುಲಿಕೊಂಡಿರುವ ಅಸಿಟೇಟ್ ಗುಂಪುಗಳನ್ನು ಕ್ಷಾರದ ನೆರವಿನಿಂದ ಕಳಚಿದರೆ ಪಿವಿಎ ಸಿಗುತ್ತದೆ. ಎಷ್ಟು ಕಳಚಿದ್ದಾರೆ ಎನ್ನುವುದರ ಮೇಲೆ ಅದರ ಗುಣ ನಿಂತಿದೆ. ಶೇ 88ರ ಆಸುಪಾಸು ಕಳಚಿದ್ದು ತಣ್ಣೀರಿನಲ್ಲೂ ಕರಗುತ್ತದೆ. ಶೇ 98ಕ್ಕೂ ಹೆಚ್ಚು ಕಳಚಿದ್ದಕ್ಕೆ ಕುದಿಯುವುದರ ಹತ್ತಿರದ ನೀರೇ ಬೇಕು. ಹಾಳೆಗೆ ಬಳಸುವುದು ಮೊದಲ ಬಗೆ. ಎರಡರಲ್ಲೂ ಬೆನ್ನೆಲುಬು ಮಾತ್ರ ಇಂಗಾಲ-ಇಂಗಾಲದ ಉದ್ದ ಸರಪಳಿಯೇ. ನೀರಿಗೆ ಅದನ್ನು ಬಿಡಿಸಿ ಹರಡಲು ಬರುತ್ತದೆ, ಕತ್ತರಿಸಲು ಬರುವುದಿಲ್ಲ.

ಈ ಪದಾರ್ಥ ಜವಳಿಯವರಿಗೆ ಹೊಸದೇನಲ್ಲ. ಮಗ್ಗದ ಹೊಡೆತಕ್ಕೆ ಹಾಸಿನ ನೂಲು ಕಡಿಯದಿರಲಿ ಎಂದು ಹಾಕುವ ಗಂಜಿಗೆ ಪಿಷ್ಟದ ಜತೆಗೋ ಬದಲಿಗೋ ಪಿವಿಎ ಬಳಸುವುದು ಹಳೆಯ ರೂಢಿ. ನೇಯ್ದ ಮೇಲೆ ಗಂಜಿ ತೊಳೆದು ತೆಗೆಯುವಾಗ ಬರುವ ನೀರು ಸಂಸ್ಕರಣಾ ಘಟಕದವರಿಗೆ ಯಾವಾಗಲೂ ತಲೆನೋವು. ಕಾರಣ ಎರಡು ಅಂಕಿಗಳಲ್ಲಿದೆ. ಒಂದು ಗ್ರಾಂ ಪಿವಿಎ ಪೂರ್ತಿ ಉತ್ಕರ್ಷಣೆಗೊಳ್ಳಲು ಬೇಕಾದ ಆಮ್ಲಜನಕ ಸುಮಾರು 1.8 ಗ್ರಾಂ, ಇದು ಸಿಒಡಿ. ಆದರೆ ಅದಕ್ಕೆ ಒಗ್ಗದ ಸೂಕ್ಷ್ಮಜೀವಿಗಳು ಐದು ದಿನದಲ್ಲಿ ಬಳಸುವ ಆಮ್ಲಜನಕ, ಅಂದರೆ ಬಿಒಡಿ, ಆ 1.8ರ ಮುಂದೆ ಲೆಕ್ಕಕ್ಕೇ ಬಾರದಷ್ಟು. ಅದೇ ಪಿಷ್ಟದ ಗಂಜಿಯಾದರೆ ಗ್ರಾಂಗೆ ಅರ್ಧ ಗ್ರಾಂನಷ್ಟಾದರೂ ಬಿಒಡಿ ಬರುತ್ತದೆ. ನೀರಿನಲ್ಲಿ ತಿನ್ನಲು ಬೇಕಾದಷ್ಟಿದೆ, ತಿನ್ನುವವರು ಕಡಿಮೆ ಎಂದು ಇದರ ಅರ್ಥ. ಅದಕ್ಕೇ ದೊಡ್ಡ ಕಾರ್ಖಾನೆಗಳು ಅತಿಸೂಕ್ಷ್ಮ ಸೋಸುಪರದೆ ಹಾಕಿ ಪಿವಿಎಯನ್ನು ಮರಳಿ ಹಿಡಿದು ಬಳಸುತ್ತವೆ. ಮನೆಯ ಬಚ್ಚಲಿಗೆ ಅಂಥ ಪರದೆ ಇಲ್ಲ.

ತಿನ್ನುವವರು ಇಲ್ಲವೇ ಇಲ್ಲ ಎಂದೂ ಅಲ್ಲ. ಸ್ಯೂಡೊಮೊನಾಸ್, ಸ್ಫಿಂಗೊಮೊನಾಸ್ ಬಳಗದ ಕೆಲವು ಬ್ಯಾಕ್ಟೀರಿಯಾ ಎರಡು ಹಂತದಲ್ಲಿ ಈ ಕೆಲಸ ಮಾಡುತ್ತವೆ. ಮೊದಲು ಸರಪಳಿಯ ಆಲ್ಕೋಹಾಲ್ ಗುಂಪುಗಳನ್ನು ಉತ್ಕರ್ಷಿಸಿ ಬೆನ್ನೆಲುಬನ್ನು ಸಡಿಲ ಮಾಡುತ್ತವೆ, ಆಮೇಲೆ ಇನ್ನೊಂದು ಕಿಣ್ವ ಅಲ್ಲಿ ಕತ್ತರಿ ಹಾಕುತ್ತದೆ. ಪಿವಿಎ ಸದಾ ಹರಿದುಬರುವ ಘಟಕದ ಕೆಸರಿನಲ್ಲಿ ಈ ಜೀವಿಗಳು ವಾರಗಟ್ಟಲೆಯಲ್ಲಿ ನೆಲೆಯೂರುತ್ತವೆ, ಅಂಥ ಕಡೆ ಪಿವಿಎ ಚೆನ್ನಾಗಿಯೇ ಕೊಳೆತು ಮುಗಿಯುತ್ತದೆ. ಒಗ್ಗಿದ ಕೆಸರು, ಧಾರಾಳ ಗಾಳಿ, ಬೆಚ್ಚಗಿನ ನೀರು, ಸಾಕಷ್ಟು ಹೊತ್ತು: ನಾಲ್ಕೂ ಕೂಡಿಬರಬೇಕು. ಗಾಳಿಯಾಡದ ಸೆಪ್ಟಿಕ್ ಟ್ಯಾಂಕಿನಲ್ಲಿ ಅದು ನಿಧಾನ. ಮಣ್ಣಿನಲ್ಲಿ ಜೇಡಿಯ ಕಣಗಳಿಗೆ ಅಂಟಿಕೊಂಡು ಇನ್ನೂ ನಿಧಾನ. ಸಂಸ್ಕರಣೆಯನ್ನೇ ಕಾಣದೆ ತೆರೆದ ಚರಂಡಿಯಿಂದ ನೇರ ಕೆರೆಗೋ ಹೊಳೆಗೋ ಸೇರುವ ನೀರಿನಲ್ಲಿ ಏನಾಗುತ್ತದೆ ಎನ್ನುವುದು ಪೊಟ್ಟಣದ ಮೇಲಿನ ಹಸಿರು ಎಲೆಯ ಚಿತ್ರಕ್ಕೆ ಸಂಬಂಧಿಸಿದ ವಿಷಯವೇ ಅಲ್ಲ.

ಪೊಟ್ಟಣದ ಮೇಲೆ ‘ಜೈವಿಕವಾಗಿ ವಿಘಟನೆಯಾಗುತ್ತದೆ’ ಎಂದು ಬರೆಯುವವರು ಸಾಮಾನ್ಯವಾಗಿ ಬೊಟ್ಟು ಮಾಡುವುದು ಒಇಸಿಡಿ ಎಂಬ ದೇಶಗಳ ಆರ್ಥಿಕ ಸಹಕಾರ ಸಂಘಟನೆಯ 301 ಸರಣಿಯ ಪರೀಕ್ಷೆಗಳನ್ನು. ಅದರ 301ಬಿ ಬಗೆಯಲ್ಲಿ 28 ದಿನದೊಳಗೆ, ಬರಬೇಕಾದ ಇಂಗಾಲದ ಡೈಆಕ್ಸೈಡ್‌ನ ಶೇ 60 ಬಂದರೆ ಪಾಸು. ಪರೀಕ್ಷೆ ಸುಳ್ಳಲ್ಲ, ಕಟ್ಟುನಿಟ್ಟಿನದೇ. ಆದರೆ 28 ದಿನ ಎಲ್ಲಿ, ಸಂಸ್ಕರಣಾ ಘಟಕದಲ್ಲಿ ನೀರು ನಿಲ್ಲುವ ಕೆಲವೇ ಗಂಟೆ ಎಲ್ಲಿ? ಕೆಸರಿನ ಜತೆ ಕೂತ ಪಾಲಿಮರಿಗೆ ಒಂದಿಷ್ಟು ದಿನ ಸಿಕ್ಕೀತು. ನೀರಿನ ಜತೆ ಹೊರಟದ್ದಕ್ಕೆ ಸಿಗುವುದಿಲ್ಲ. ಮೇಲಾಗಿ ಪಾಸಾದದ್ದು ಯಾವ ದರ್ಜೆಯ ಪಿವಿಎ, ಹಾಳೆಯಲ್ಲಿರುವುದು ಯಾವುದು ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ.

2021ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಂದಾಜು ಪ್ರಕಟಿಸಿದರು. ಆ ದೇಶದಲ್ಲಿ ಪಾಡ್‌ಗಳಿಂದ ಚರಂಡಿ ಸೇರುವ ಪಿವಿಎಯ ಸುಮಾರು ಮುಕ್ಕಾಲು ಪಾಲು ಸಂಸ್ಕರಣೆಯ ನಂತರವೂ ಉಳಿಯುತ್ತದೆ, ಅದರಲ್ಲಿ ಹೆಚ್ಚಿನದು ಕೆಸರಿನೊಂದಿಗೆ ನೆಲ ಸೇರುತ್ತದೆ ಎಂಬುದು ಅದರ ಸಾರ. ಇದನ್ನು ಹಿಡಿದು ‘ಮುಕ್ಕಾಲು ಪಾಲು ಉಳಿಯುವುದು ಸಾಬೀತಾಗಿದೆ’ ಎಂದು ಬರೆಯುವವರೂ ಎಡವುತ್ತಾರೆ. ಅದು ಹಳೆಯ ಪ್ರಯೋಗಗಳ ಅಂಕಿಗಳನ್ನು ಕೂಡಿಸಿ ಕಟ್ಟಿದ ಲೆಕ್ಕ, ಘಟಕದ ಬಾಯಲ್ಲಿ ನಿಂತು ಅಳೆದದ್ದಲ್ಲ. ಹಣ ಕೊಟ್ಟದ್ದು ಪಿವಿಎ ಇಲ್ಲದ ಡಿಟರ್ಜೆಂಟ್ ಮಾತ್ರೆ ಮಾರುವ ಕಂಪನಿ. ಎದುರು ಪಕ್ಷದ, ‘ಪೂರ್ತಿ ಕೊಳೆಯುತ್ತದೆ’ ಎನ್ನುವ ಅಧ್ಯಯನಗಳು ಬಂದದ್ದೂ ಉದ್ಯಮದ ಮಗ್ಗುಲಿಂದಲೇ. 2022ರ ನವೆಂಬರಿನಲ್ಲಿ ಪಿವಿಎಯನ್ನು ಸುರಕ್ಷಿತ ಪದಾರ್ಥಗಳ ಪಟ್ಟಿಯಿಂದ ಕೈಬಿಟ್ಟು ಪರೀಕ್ಷೆಗೆ ಒಳಪಡಿಸಿ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಅರ್ಜಿ ಹೋಯಿತು. 2023ರ ಏಪ್ರಿಲಿನಲ್ಲಿ ಸಂಸ್ಥೆ ಅದನ್ನು ತಳ್ಳಿಹಾಕಿತು. ಯುರೋಪಿನ ಒಕ್ಕೂಟ 2023ರಲ್ಲಿ ತಂದ ಮೈಕ್ರೋಪ್ಲಾಸ್ಟಿಕ್ ನಿರ್ಬಂಧದಲ್ಲಿ ಲೀಟರಿಗೆ 2 ಗ್ರಾಂಗಿಂತ ಹೆಚ್ಚು ಕರಗುವ ಪಾಲಿಮರುಗಳಿಗೆ ವಿನಾಯಿತಿ ಇದೆ. ಪಿವಿಎ ಆ ಬಾಗಿಲಿನಿಂದ ಸಲೀಸಾಗಿ ದಾಟುತ್ತದೆ. ಡಿಟರ್ಜೆಂಟಿನ ಸರ್ಫ್ಯಾಕ್ಟಂಟ್ 28 ದಿನದಲ್ಲಿ ಶೇ 60 ಕೊಳೆಯಲೇಬೇಕು ಎಂದು ಅದೇ ಒಕ್ಕೂಟ 2004ರ ನಿಯಮದಲ್ಲೇ ಬರೆದಿತ್ತು. ಸರ್ಫ್ಯಾಕ್ಟಂಟನ್ನು ಹೊತ್ತು ತರುವ ಪಾಲಿಮರಿನ ಬಗ್ಗೆ ಆ ನಿಯಮದಲ್ಲಿ ಅಂಥ ಷರತ್ತಿರಲಿಲ್ಲ.

‘ಕರಗಿತಲ್ಲ, ಇನ್ನೇನು’ ಎಂಬ ಮಾತಿಗೆ ಡಿಟರ್ಜೆಂಟ್ ಉದ್ಯಮದ್ದೇ ಒಂದು ಹಳೆಯ ಪಾಠವಿದೆ. 1950ರ ದಶಕದಲ್ಲಿ ಚಾಲ್ತಿಗೆ ಬಂದ ಕವಲೊಡೆದ ಸರಪಳಿಯ ಆಲ್ಕೈಲ್‌ಬೆಂಜೀನ್ ಸಲ್ಫೊನೇಟ್ ಎಂಬ ಸರ್ಫ್ಯಾಕ್ಟಂಟ್ ನೀರಿನಲ್ಲಿ ಸೊಗಸಾಗಿ ಕರಗುತ್ತಿತ್ತು, ಬಟ್ಟೆಯನ್ನೂ ಸೊಗಸಾಗಿ ಒಗೆಯುತ್ತಿತ್ತು. ಕವಲುಗಳ ದೆಸೆಯಿಂದ ಬ್ಯಾಕ್ಟೀರಿಯಾಗಳಿಗೆ ಮಾತ್ರ ದಕ್ಕಲಿಲ್ಲ. ನದಿಗಳ ಮೇಲೆ ನೊರೆಯ ಗುಡ್ಡ ಎದ್ದವು. 1960ರ ದಶಕದ ನಡುವೆ ಉದ್ಯಮ ನೇರ ಸರಪಳಿಯ ರೂಪಕ್ಕೆ, ಅಂದರೆ ಇಂದಿನ ಎಲ್‌ಎಎಸ್‌ಗೆ, ಹೊರಳಬೇಕಾಯಿತು. ನೊರೆ ಎದ್ದದ್ದರಿಂದ ಅಂದು ಜನಕ್ಕೆ ಗೊತ್ತಾಯಿತು. ಪಿವಿಎ ಅಷ್ಟು ಗದ್ದಲ ಮಾಡುವುದಿಲ್ಲ.

ಪಿವಿಎಯ ಪರವಾಗಿ ಹೇಳಬೇಕಾದದ್ದನ್ನೂ ಹೇಳಿಬಿಡಬೇಕು. ಅದು ವಿಷವಲ್ಲ. ಕಣ್ಣಿನ ಹನಿಯಲ್ಲೂ ಮಾತ್ರೆಗಳ ಲೇಪದಲ್ಲೂ ಬಳಕೆಯಲ್ಲಿದೆ. ಕರಗಿದ ಸ್ಥಿತಿಯಲ್ಲಿ ಅದು ಮೀನಿನ ಹೊಟ್ಟೆ ಸೇರುವ ಚೂರಲ್ಲ, ಹಾಗಾಗಿ ಅದನ್ನು ಮೈಕ್ರೋಪ್ಲಾಸ್ಟಿಕ್ ಎಂದು ಕರೆಯುವುದೂ ಸರಿಯಲ್ಲ. ಪಾಲಿಯೆಸ್ಟರ್, ಅಕ್ರಿಲಿಕ್ ಬಟ್ಟೆಗಳಿಂದ ಉದುರುವ ಎಳೆಗಳೇ ಅಸಲಿ ಮೈಕ್ರೋಪ್ಲಾಸ್ಟಿಕ್. 6 ಕಿಲೋ ಅಕ್ರಿಲಿಕ್ ಬಟ್ಟೆಯ ಒಂದೇ ಒಗೆತದಲ್ಲಿ 7 ಲಕ್ಷಕ್ಕೂ ಹೆಚ್ಚು ಎಳೆ ಹೊರಬೀಳಬಹುದೆಂದು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ್ದಾರೆ. ಯಾವ ಹಾಳೆ ಹಾಕಿದರೂ ಅದು ನಿಲ್ಲದು.

ಇನ್ನು ಬಾಟಲಿಯ ಲೆಕ್ಕ. ವರ್ಷಕ್ಕೆ 200 ಒಗೆತ ಎಂದಿಟ್ಟುಕೊಳ್ಳೋಣ. 1.5 ಲೀಟರಿನ ಬಾಟಲಿಯಲ್ಲಿ 30 ಒಗೆತ, ಖಾಲಿ ಬಾಟಲಿಯ ತೂಕ 80 ಗ್ರಾಂ ಎಂದು ಹಿಡಿದರೆ ವರ್ಷಕ್ಕೆ 530 ಗ್ರಾಂನಷ್ಟು ಪ್ಲಾಸ್ಟಿಕ್. ಹಾಳೆ 3 ಗ್ರಾಂ, ಅದರಲ್ಲಿ ಕಾಲುಭಾಗ ಪಿವಿಎ ಎಂದು ಹಿಡಿದರೆ ವರ್ಷಕ್ಕೆ 150 ಗ್ರಾಂ. ಮೂರನೇ ಒಂದಕ್ಕಿಂತ ಕಡಿಮೆ, ಲಾಭವೇ. ಆದರೆ 530 ಗ್ರಾಂ ಕೈಗೆ ಸಿಗುವ ವಸ್ತು. ಗುಜರಿಗೆ ಹಾಕಬಹುದು, ಕರಗಿಸಿ ಮತ್ತೊಂದು ಮಾಡಬಹುದು. 150 ಗ್ರಾಂ ಮಾತ್ರ ಪೂರ್ತಿಯಾಗಿ, ಒಂದು ಚೂರೂ ತಪ್ಪದೆ, ಚರಂಡಿಗೇ ಹೋಗುತ್ತದೆ. ಬಾಟಲಿಗಳು ಸಂಗ್ರಹವಾಗದೆ ಹೊಳೆ ಸೇರುವ ಕಡೆ ಹಾಳೆಯೇ ಮೇಲು, ಗುಜರಿ ವ್ಯವಸ್ಥೆ ಗಟ್ಟಿಯಿರುವ ಕಡೆ ಅಲ್ಲ ಎಂಬುದು ನನ್ನ ತೀರ್ಮಾನ. ರಟ್ಟಿನ ಪೆಟ್ಟಿಗೆಯ ಪುಡಿಗೆ ಈ ಎರಡು ತಾಪತ್ರಯವೂ ಇಲ್ಲ ಎನ್ನುವುದನ್ನು ಹಾಳೆಯ ಜಾಹೀರಾತು ಯಾಕೋ ಹೇಳುವುದೇ ಇಲ್ಲ. ಅದು ಹಾಳೆಯನ್ನು ಹೋಲಿಸುವುದು ಸದಾ ದ್ರವದೊಂದಿಗೆ.

ಸಾಗಣೆಯ ಉಳಿತಾಯ ಹಾಳೆ ಮಾರುವವರು ಹೇಳುವ ಇನ್ನೊಂದು ದೊಡ್ಡ ಮಾತು. 60 ಒಗೆತಕ್ಕೆ ದ್ರವ ಸುಮಾರು 3 ಕಿಲೋ, ಹಾಳೆ 200 ಗ್ರಾಂ. ವ್ಯತ್ಯಾಸ 2.8 ಕಿಲೋ. ಲಾರಿಯಲ್ಲಿ ಒಂದು ಟನ್ ಸರಕು ಒಂದು ಕಿಲೋಮೀಟರ್ ಸಾಗಲು 100 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದು ಸಾವಿರ ಕಿಲೋಮೀಟರ್ ಲೆಕ್ಕ ಹಾಕಿದರೂ ಉಳಿಯುವುದು ಒಂದು ಒಗೆತಕ್ಕೆ 5 ಗ್ರಾಂಗಿಂತ ಕಡಿಮೆ. ಮುಂದಿನಿಂದ ಬಟ್ಟೆ ತುಂಬುವ ಯಂತ್ರ 15 ಲೀಟರ್ ನೀರನ್ನು 20ರಿಂದ 40 ಡಿಗ್ರಿಗೆ ಕಾಯಿಸಲು ಬಳಸುವುದು ಸುಮಾರು 0.35 ಯೂನಿಟ್ ವಿದ್ಯುತ್, 60 ಡಿಗ್ರಿಗಾದರೆ 0.7 ಯೂನಿಟ್. ಕಲ್ಲಿದ್ದಲಿನ ವಿದ್ಯುತ್ತಾದರೆ ಕಡಿಮೆ ಕಾವಿನ ಒಗೆತಕ್ಕೇ 300 ಗ್ರಾಂ ಮೀರುತ್ತದೆ. ಬಟನ್ ಒತ್ತುವಾಗ ತಣ್ಣೀರು ಆರಿಸಿಕೊಂಡವರು ಹಾಳೆಯ ಸಾಗಣೆ ಉಳಿಸುವುದರ ಹತ್ತಾರು ಪಟ್ಟು ಉಳಿಸಿದಂತಾಯಿತು. ತಮಾಷೆಯೆಂದರೆ ನೀರು ತೀರಾ ತಣ್ಣಗಿದ್ದರೆ ಹಾಳೆಗೇ ಒಗ್ಗದು.

ಒಗೆಯುವ ಶಕ್ತಿಯೂ ಪರಿಸರದ ಲೆಕ್ಕಕ್ಕೆ ಸೇರುತ್ತದೆ, ಯಾಕೆಂದರೆ ಕೊಳೆ ಹೋಗದ ಬಟ್ಟೆಯನ್ನು ಎರಡನೇ ಸಲ ಒಗೆದರೆ ನೀರು, ವಿದ್ಯುತ್ತು, ಉದುರುವ ಎಳೆ ಎಲ್ಲವೂ ಇಮ್ಮಡಿ. 3 ಗ್ರಾಂನ ಹಾಳೆಯಲ್ಲಿ ಪಿವಿಎಯ ಚೌಕಟ್ಟು ಕಳೆದು ಉಳಿಯುವ ಸರ್ಫ್ಯಾಕ್ಟಂಟ್ ಒಂದೆರಡು ಗ್ರಾಂ. 50 ಗ್ರಾಂ ಪುಡಿಯಲ್ಲಿ ಶೇ 15ರಂತೆ ಹಿಡಿದರೂ ಏಳೂವರೆ ಗ್ರಾಂ ಇರುತ್ತದೆ, ಜತೆಗೆ ನೀರಿನ ಗಡಸು ತೆಗೆಯುವ ವಾಷಿಂಗ್ ಸೋಡಾ, ಜಿಯೊಲೈಟ್, ಕಲೆ ತೆಗೆಯುವ ಪರ್‌ಕಾರ್ಬೊನೇಟ್, ಕಿಣ್ವಗಳು. ಪರ್‌ಕಾರ್ಬೊನೇಟನ್ನು ಹಾಳೆಗೆ ಬೆರೆಸುವುದು ಕಷ್ಟ, ನೀರಿನ ಮಿಶ್ರಣ ತಯಾರಿಸುವಾಗಲೇ ಅದು ಆಮ್ಲಜನಕ ಬಿಟ್ಟು ಸತ್ತುಹೋಗುತ್ತದೆ. ಉರುಳೆಯ ಬಿಸಿಗೆ ಕಿಣ್ವವೂ ನಲುಗುತ್ತದೆ. ಗ್ರಾಹಕ ಸಂಘಟನೆಗಳ ಪರೀಕ್ಷೆಗಳಲ್ಲಿ ಹಾಳೆಗಳು ಪಟ್ಟಿಯ ತಳದಲ್ಲಿ ಕಾಣುವುದಕ್ಕೆ ಕಾರಣ ಇಷ್ಟೇ.

ಗಡಸು ನೀರಿನಲ್ಲಂತೂ ಪಾಡು ಇನ್ನೂ ಕಷ್ಟ. ಲೀಟರಿಗೆ 300 ಮಿಲಿಗ್ರಾಂ ಗಡಸಿರುವ 40 ಲೀಟರ್ ನೀರಿನಲ್ಲಿ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, 12 ಗ್ರಾಂ ಗಡಸು ಪದಾರ್ಥ ಇರುತ್ತದೆ. ಅಣುಗಳ ಎಣಿಕೆಯಲ್ಲಿ ಅದು ಒಂದು ಹಾಳೆಯ ಸರ್ಫ್ಯಾಕ್ಟಂಟಿಗಿಂತ ಇಪ್ಪತ್ತು ಪಟ್ಟಿನಷ್ಟು. ಅದನ್ನು ತಗ್ಗಿಸಲು ನೀರಿಲ್ಲದ ಪುಡಿ ಸೋಡಾ ಆದರೆ ಸುಮಾರು 13 ಗ್ರಾಂ, ಹರಳು ಸೋಡಾ ಆದರೆ 34 ಗ್ರಾಂ ಬೇಕು. 3 ಗ್ರಾಂ ಹಾಳೆಯೊಳಗೆ ಇದಕ್ಕೆ ಜಾಗವೆಲ್ಲಿ? ಹಾಳೆಯನ್ನೇ ಬಳಸುವವರು ಸೋಡಾವನ್ನು ಮೊದಲು ನೀರಿಗೆ ಹಾಕಿ, ಹತ್ತು ನಿಮಿಷ ಬಿಟ್ಟು, ಆಮೇಲೆ ಹಾಳೆ ಹಾಕಲಿ. ರೇಷ್ಮೆ, ಉಣ್ಣೆಗೆ ಮಾತ್ರ ಸೋಡಾ ತಾಕಿಸಬಾರದು.

ಸೋಡಾದ ಬದಲು ಬೋರಾಕ್ಸ್, ಅಂದರೆ ಬಿಳಿಗಾರ, ಹಾಕುವವರಿದ್ದಾರೆ. ಹಾಳೆಯ ಜತೆ ಅದು ಕೂಡದು. ಯಾಕೆಂದು ಲೋಟದಲ್ಲೇ ನೋಡಬಹುದು. ಒಂದು ಹಾಳೆಯನ್ನು ಚೂರು ಮಾಡಿ 20 ಮಿಲಿಲೀಟರ್ ಬಿಸಿನೀರಿಗೆ ಹಾಕಿ ಐದು ನಿಮಿಷ ಕಲಕಿ, ನೊರೆ ಇಳಿಯಲು ಒಂದು ಗಂಟೆ ಬಿಡಿ. ಇನ್ನೊಂದು ಲೋಟದ 100 ಮಿಲಿಲೀಟರ್ ಬೆಚ್ಚನೆ ನೀರಿನಲ್ಲಿ ಒಂದು ಸಣ್ಣ ಚಮಚ ಬಿಳಿಗಾರ ಕರಗಿಸಿ. ಈ ನೀರನ್ನು ಮೊದಲಿನದಕ್ಕೆ ಚಮಚದಷ್ಟು ಬಿಟ್ಟು ಕಲಕಿದರೆ, ಹಾಳೆಯಲ್ಲಿ ಪಿವಿಎ ಸಾಕಷ್ಟಿದ್ದಲ್ಲಿ, ದ್ರವ ಗಟ್ಟಿಯಾಗಿ ಸಿಂಬಳದಂತೆ ಎಳೆ ಎಳೆಯಾಗಿ ಚಮಚಕ್ಕೆ ಅಂಟುತ್ತದೆ. ಬೋರೇಟ್ ಅಯಾನುಗಳು ಪಿವಿಎಯ ಸರಪಳಿಗಳ ನಡುವೆ ಸೇತುವೆ ಕಟ್ಟುವುದರಿಂದ ಹೀಗಾಗುತ್ತದೆ. ಮಕ್ಕಳು ಆಡುವ ಸ್ಲೈಮ್ ಹುಟ್ಟುವುದೂ ಹೀಗೆಯೇ. ‘ಕರಗಿ ಹೋಯಿತು’ ಎಂದ ಪಾಲಿಮರು ಅಲ್ಲೇ ಇತ್ತು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಪ್ರಯೋಗ ಮುಗಿದ ಮೇಲೆ ಕೈ ತೊಳೆಯಿರಿ, ಬಿಳಿಗಾರವನ್ನು ಮಕ್ಕಳ ಕೈಗೆ ಕೊಡಬೇಡಿ.

ಬಟ್ಟೆಯ ಮೇಲೆ ಲೋಳೆಯ ಪಟ್ಟಿ ಉಳಿಯುವ ದೂರು ಸಾಮಾನ್ಯ. ನೀರು 15 ಡಿಗ್ರಿಗಿಂತ ತಣ್ಣಗಿದ್ದರೆ, ಯಂತ್ರಕ್ಕೆ ಬಟ್ಟೆ ತುರುಕಿದ್ದರೆ, ಹಾಳೆ ಮಡಿಕೆಯಲ್ಲೋ ಬಾಗಿಲಿನ ರಬ್ಬರಿನಲ್ಲೋ ಸಿಕ್ಕಿಕೊಂಡರೆ ಹೀಗಾಗುತ್ತದೆ. ಪುಡಿ ಹಾಕುವ ಡ್ರಾಯರಿನಲ್ಲಿ ಇಡಲೇಬಾರದು. ಅಲ್ಲಿ ನೀರು ಬರೀ ಸವರಿಕೊಂಡು ಹೋಗುತ್ತದೆ, ಹಾಳೆ ನೆನೆದು ಗೋಂದಾಗಿ ದಾರಿಗೆ ಅಡ್ಡ ಕೂರುತ್ತದೆ. ಪಟ್ಟಿ ಕಂಡರೆ 40ರಿಂದ 50 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಜಾಲಿಸಿ. ಅದು ಹೋಗುವ ತನಕ ಇಸ್ತ್ರಿ ಹಾಕಬೇಡಿ, ಬಿಸಿ ತಗುಲಿದ ಪಿವಿಎ ಬಿಗಿದುಕೊಂಡು ಆಮೇಲೆ ಸುಲಭಕ್ಕೆ ಕರಗುವುದಿಲ್ಲ. ಹಾಳೆಗಳು ಒಂದಕ್ಕೊಂದು ಅಂಟುವುದು ಗ್ಲಿಸರಿನ್ ತೇವ ಹೀರುವುದರಿಂದ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು ಒಣ ಕೈಯಿಂದ ತೆಗೆದರೆ ಆ ಕಾಟವಿಲ್ಲ.

ಕೊಳ್ಳುವವರು ಪೊಟ್ಟಣದ ಮುಂಭಾಗ ಬಿಟ್ಟು ಹಿಂಭಾಗ ಓದಬೇಕು. ‘ಪ್ಲಾಸ್ಟಿಕ್ ಇಲ್ಲದ ಪೊಟ್ಟಣ’ ಎಂಬುದು ಪೊಟ್ಟಣದ ಮಾತು, ಒಳಗಿನ ಹಾಳೆಯ ಮಾತಲ್ಲ. ಪಿವಿಎ, ಪಿವಿಒಎಚ್, ಪಿವಿಎಎಲ್ ಮೂರೂ ಒಂದೇ. ಹೆಸರು ಬರೆಯದೆ ರಾಸಾಯನಿಕದ ಗುರುತು ಸಂಖ್ಯೆ (ಸಿಎಎಸ್) ಮಾತ್ರ ಕೊಟ್ಟಿದ್ದರೆ 9002-89-5 ಅಥವಾ 25213-24-5 ಎಂಬುದು ಅದೇ. ಪಿವಿಸಿಯೊಂದಿಗೆ ಗೊಂದಲ ಬೇಡ, ಅದು ಬೇರೆ ಜಾತಿ. ಡ್ರೈಯರಿಗೆ ಹಾಕುವ ಮೃದುಕಾರಕ ಹಾಳೆಯೂ ಬೇರೆ. ಅದು ಸಾಮಾನ್ಯವಾಗಿ ಪಾಲಿಯೆಸ್ಟರ್ ಬಟ್ಟೆ, ಕರಗುವುದೇ ಇಲ್ಲ. ಹಾಳೆಯಲ್ಲಿ ಎಷ್ಟು ಗ್ರಾಂ ಪಿವಿಎ ಇದೆ, ಅದು ಯಾವ ದರ್ಜೆಯದು, ಯಾವ ಪರೀಕ್ಷೆಯಲ್ಲಿ ಎಷ್ಟು ದಿನಕ್ಕೆ ಶೇಕಡ ಎಷ್ಟು ಕೊಳೆಯಿತು ಎಂಬ ಮೂರು ಪ್ರಶ್ನೆಗೆ ಉತ್ತರ ಕೊಡದ ಉತ್ಪನ್ನವನ್ನು ‘ಪರಿಸರಸ್ನೇಹಿ’ ಎಂದು ತಮ್ಮ ಪತ್ರಿಕೆಯೂ ಬರೆಯದಿರಲಿ ಎಂಬುದು ನನ್ನ ವಿನಂತಿ.

ಹಾಳೆಯ ಪೊಟ್ಟಣ ಈಗಾಗಲೇ ಮನೆಯಲ್ಲಿದ್ದರೆ ಕಸಕ್ಕೆ ಎಸೆಯಬೇಕಿಲ್ಲ. ನಾಲ್ಕು ತುಂಡು ಮಾಡಿ ಒಂದು ಮಗ್ ಬೆಚ್ಚನೆ ನೀರಿನಲ್ಲಿ ಕದಡಿ, ಕಲೆಯಿಲ್ಲದ, ಬರೀ ಬೆವರು ಹತ್ತಿದ ಬಟ್ಟೆಗೆ ಬಳಸಿ ಮುಗಿಸಿ. ಆ ನೀರು ಸಂಸ್ಕರಣಾ ಘಟಕಕ್ಕೆ ಹೋಗುವ ಚರಂಡಿಗೆ ಬೀಳಲಿ, ಗಿಡದ ಬುಡಕ್ಕೆ ಬೇಡ. ಮುಂದಿನ ಸಲಕ್ಕೆ ರಟ್ಟಿನ ಪೆಟ್ಟಿಗೆಯ ಸಾಂದ್ರ ಪುಡಿ ತಂದು, ಕೈಯಳತೆ ಬಿಟ್ಟು, ಪೆಟ್ಟಿಗೆಯೊಳಗಿನ ಅಳತೆ ಚಮಚದಲ್ಲೇ ಹಾಕಿ.

ಇತಿ,
ಜವಳಿ ರಸಾಯನ ಮತ್ತು ತ್ಯಾಜ್ಯನೀರಿನ ಕೆಲಸ ಬಲ್ಲ ಓದುಗ